ನನ್ನ ಟ್ರ್ಯಾಕ್ಟರಿನ ರಾಡು ಬಗ್ಗಿಸಿದ ಟಗರು ಮಹಾಶಯರಿಗೆ

ಬಿರ್ ಹನ್ನೂಶ್ ಗ್ರಾಮ, ಕೆಲಿಬಿಯಾ ರಸ್ತೆ,
ಬಕ್ರೀದ್ ಮುಗಿದ ವಾರ

ಮಾನ್ಯರೇ,

ಗುಂಗುರು ಉಣ್ಣೆಯ, ಸುರುಳಿ ಕೊಂಬಿನ, ಹಣೆಯ ಮೇಲೆ ಗೋರಂಟಿಯ ಬೊಟ್ಟು ಹೊತ್ತು ನನ್ನ ಅಂಗಳದ ಅಂಜೂರದ ಮರದಡಿ ದಿನವಿಡೀ ಮೆಲುಕು ಹಾಕುತ್ತ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ ಈ ಮನೆಯ ಕಿರಿಯ ಸೊಸೆ ಜಾಜಿಯಾ ಮಾಡುವ ಅನಂತ ವಂದನೆಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ಕಾಣುತ್ತಿಲ್ಲ. ಹಿತ್ತಿಲಿನ ಜಿರೇನಿಯಂ ಸಾಲು ದಿನೇ ದಿನೇ ಗಿಡ್ಡವಾಗುತ್ತಿರುವುದನ್ನು ನೋಡಿದರೆ ತಮ್ಮ ಆರೋಗ್ಯ ಎಷ್ಟು ಸೊಗಸಾಗಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಇದನ್ನು ಬಹಿರಂಗ ಪತ್ರವೆಂದು ಕರೆಯುತ್ತಿದ್ದೇನೆ, ಏಕೆಂದರೆ ಲಕೋಟೆಗೆ ಹಾಕದೆ ತಮ್ಮ ಗೋದಲಿಯ ಒಳಬದಿಗೆ, ಹುಲ್ಲಿನ ಮಟ್ಟಕ್ಕೆ ಸರಿಯಾಗಿ ಅಂಟಿಸುತ್ತಿದ್ದೇನೆ. ತಲೆ ತಗ್ಗಿಸಬಲ್ಲ ಯಾರು ಬೇಕಾದರೂ ಬಂದು ಓದಬಹುದು. ನನ್ನ ಭಾವ ಶಾದ್ಲಿಯವರು ಓದಿಬಿಟ್ಟಾರು ಎಂಬ ಅಂಜಿಕೆ ತಮಗೆ ಬೇಡ. ನಮಾಜಿನ ಹೊತ್ತು ಬಿಟ್ಟರೆ ಅವರು ಬೇರೆ ಯಾವ ಕಾರಣಕ್ಕೂ ತಲೆ ತಗ್ಗಿಸಿದವರಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ಟ್ರ್ಯಾಕ್ಟರನ್ನು ತಾವು ಚೆನ್ನಾಗಿ ಬಲ್ಲಿರಿ. ಅದರ ನೆರಳಿನಲ್ಲಿ ಮಲಗಿದ್ದೀರಿ, ಅದರ ಸೀಟಿನ ಸ್ಪಂಜಿನ ರುಚಿಯನ್ನೂ ನೋಡಿದ್ದೀರಿ. ಊರಿನ ದೊಡ್ಡ ಟ್ರ್ಯಾಕ್ಟರುಗಳ ಪಕ್ಕ ನಿಲ್ಲಿಸಿದರೆ ಅವುಗಳ ಮರಿಯಂತೆ ಕಾಣುವ ಕುಳ್ಳ ಗಾಡಿ ಅದು, ಆದರೆ ಜಿರೇನಿಯಂ ಸಾಲುಗಳ ನಡುವೆ ಒಂದು ಎಲೆಯನ್ನೂ ಮುರಿಯದೆ ನುಸುಳುವುದು ಅದೊಂದೇ. ಅದು ಬರುವ ಮುಂಚೆ ಕೊಯ್ದ ಸೊಪ್ಪಿನ ಹೊರೆಗಳನ್ನು ನಾವು ಹೆಂಗಸರು ಬೆನ್ನ ಮೇಲೆ ಹೊತ್ತು ಅತ್ತೆಯ ತಾಮ್ರದ ಭಟ್ಟಿಯವರೆಗೆ ತರುತ್ತಿದ್ದೆವು. ಸೊಪ್ಪು ಬಿಸಿಲಿಗೆ ಬಾಡಿದರೆ ಘಮ ಹೋಗುತ್ತದೆ, ಘಮ ಹೋದರೆ ಭಟ್ಟಿ ಇಳಿಸಿದ ನೀರನ್ನು ಯಾರೂ ಕಾಫಿಗೆ ಹಾಕಿಕೊಳ್ಳುವುದಿಲ್ಲ, ಆದ್ದರಿಂದ ಓಡಬೇಕು, ಓಡಿದರೆ ಸೊಂಟ ಹೋಗುತ್ತದೆ. ನನ್ನ ಯಜಮಾನರು ಮೆಹ್ರಿಜ್ ಟ್ಯೂನಾ ಮೀನು ಹಿಡಿಯುವ ದೋಣಿ ಹತ್ತಿ ಸಮುದ್ರಕ್ಕೆ ಹೋದಾಗಿನಿಂದ ಈ ಗಾಡಿಯ ಸ್ಟೀರಿಂಗ್ ನನ್ನ ಕೈಯಲ್ಲಿದೆ. ಹೊರೆಯನ್ನು ಹಿಂದೆ ಟ್ರೇಲರಿನಲ್ಲಿ ಹಾಕಿಕೊಂಡು, ಸಮುದ್ರ ಕಾಣುವ ಆ ಏರನ್ನು ಹತ್ತುವಾಗ ನನಗೆ ತಾನಾಗಿ ಹಾಡು ಬರುತ್ತದೆ. ನಾನು ಎಷ್ಟು ಕೆಟ್ಟದಾಗಿ ಹಾಡುತ್ತೇನೆ ಎಂಬುದಕ್ಕೆ ತಾವೇ ಸಾಕ್ಷಿ. ಈ ಗಾಡಿ ನನಗೆ ಬೇಕು. ಸುತ್ತಿ ಬಳಸಿ ಹೇಳುವಷ್ಟು ಸಂಯಮ ನನ್ನಲ್ಲಿಲ್ಲ.

ಅದು ಬೇಕೆನ್ನುವ ಇನ್ನೊಬ್ಬರೆಂದರೆ ತಮ್ಮನ್ನು ಕೊಂಡು ತಂದ ಶಾದ್ಲಿ ಭಾವ. ಗಾಡಿ ಮಾವನವರ ಕಾಲದ್ದು, ಇಬ್ಬರು ಮಕ್ಕಳಿಗೂ ಸೇರಿದ್ದು, ಅದರ ಕೀಲಿ ಅತ್ತೆ ಬೇಯಾ ಅವರ ಅಡುಗೆಮನೆಯ ಮೊಳೆಗೆ ನೇತಾಡುತ್ತದೆ. ಭಾವನಿಗೆ ಜಮೀನಿನ ಕೆಲಸವೆಂದರೆ ಅಷ್ಟಕ್ಕಷ್ಟೆ. ಟ್ರ್ಯಾಕ್ಟರನ್ನು ಯಾರಿಗಾದರೂ ಕೊಟ್ಟು, ಬದಲಿಗೆ ಒಂದು ಪಿಕಪ್ ಗಾಡಿ ತಂದು, ಅದರ ಕಿಟಕಿಯಿಂದ ಮೊಣಕೈ ಹೊರಹಾಕಿಕೊಂಡು ಕಾಫಿ ಅಂಗಡಿಗೆ ಹೋಗಬೇಕೆಂಬುದು ಅವರ ಬಹುದಿನದ ಕನಸು. ತಮ್ಮನ್ನು ಹಬ್ಬಕ್ಕೆಂದು ತಂದು, ನನ್ನ ಅಂಗಳದಲ್ಲಿ ಹಸಿ ಮೇವು ಇದೆಯೆಂಬ ಕಾರಣಕ್ಕೆ ನನ್ನ ಅಂಜೂರದ ಮರಕ್ಕೆ ಕಟ್ಟಿದ ದಿನವೇ ಅವರು ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಹಾಕಿ ಬಾಯಿ ತೆರೆದರು.

"ಆಹಾ! ಏನ್ ಗಾಡಿ ಕಣಮ್ಮ ಜಾಜಿಯಾ! ಒಂದ್ ಗೀರಿಲ್ಲ, ಒಂದ್ ತಗ್ಗಿಲ್ಲ, ಮೊನ್ನೆ ಅಂಗಡಿಯಿಂದ ತಂದಂಗಿದೆ!"

ಅಷ್ಟು ಹೇಳಿ ಸುಮ್ಮನಾದರು. ಹೊಗಳಿಕೆಯ ಹಿಂದೆಯೇ, ಕಣ್ಣು ಬೀಳದಿರಲೆಂದು ದೇವರನ್ನು ಕೊಂಡಾಡುವ ಮಾತು ಬರಬೇಕಿತ್ತು, ಬರಲಿಲ್ಲ. ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ತಬಾರಕಲ್ಲಾ ಅನ್ನೋ! ಗಾಡಿ ಮೇಲೆ ಕಣ್ಣು ಹಾಕಿ ಹಂಗೇ ಹೋಗ್ತೀಯಲ್ಲೋ, ನಾಲಿಗೆ ಏನು ಬಾಡಿಗೆಗೆ ಕೊಟ್ಟಿದ್ಯಾ?" ಭಾವ ಆಗ ಅಂದರು, ನಿಜ. ಆದರೆ ತಡವಾಗಿ ಅಂದದ್ದಕ್ಕೆ ಪೂರ್ತಿ ಬಲ ಇರುವುದಿಲ್ಲವೆಂದು ಅತ್ತೆ ಒಣಮೆಣಸಿನಕಾಯಿಯ ಉದ್ದನೆಯ ಮಾಲೆಯೊಂದನ್ನು ತಂದು, ದೃಷ್ಟಿ ತಾಗದಿರಲೆಂದು ಟ್ರ್ಯಾಕ್ಟರಿನ ಮೂತಿಗೆ ಕಟ್ಟಿದರು.

ಮಾನ್ಯರೇ, ನಮ್ಮ ಊರಿನ ಮೆಣಸಿನಕಾಯಿ ಎಂಥದೆಂದು ಹೊರಗಿನಿಂದ ಬಂದ ತಮಗೆ ತಿಳಿಯದಿದ್ದುದು ತಮ್ಮ ತಪ್ಪಲ್ಲ. ಆದರೆ ಮರುದಿನ ಬೆಳಿಗ್ಗೆ, ನಾನು ಟ್ರೇಲರನ್ನು ಜೋಡಿಸುತ್ತಿದ್ದ ಹೊತ್ತಿಗೆ, ಮೇವಿನ ರಾಶಿಯನ್ನು ಮುಂದಿಟ್ಟುಕೊಂಡೇ ತಾವು ಕತ್ತು ಚಾಚಿ ಆ ಮಾಲೆಯನ್ನು ಬುಡದಿಂದ ತುದಿಯವರೆಗೆ ಜಗಿದ ಶ್ರದ್ಧೆಯನ್ನು ನಾನು ಹೊಗಳದೆ ಇರಲಾರೆ. ಮೊದಲ ಕಾಯಿಗೆ ನಿಲ್ಲಿಸಬಹುದಾಗಿತ್ತು, ತಾವು ನಿಲ್ಲಿಸಲಿಲ್ಲ. ನಾನು ಗಾಡಿ ಚಾಲೂ ಮಾಡಿ ಹೊರಟಾಗ ಖಾರ ತಲೆಗೇರಿ, ಹಗ್ಗ ಕಡಿದುಕೊಂಡು, ಅಂಗಳದ ಆಚೆ ಬದಿಯ ನೀರಿನ ತೊಟ್ಟಿಗೆ ಅತಿ ಹತ್ತಿರದ ದಾರಿಯನ್ನು ತಾವು ಆರಿಸಿಕೊಂಡಿರಿ. ಆ ದಾರಿ ನನ್ನ ಮುಂದಿನ ಚಕ್ರದ ಕೆಳಗಿತ್ತು.

ನಾನು ಸ್ಟೀರಿಂಗ್ ತಿರುಗಿಸಿದೆ. ತಮ್ಮ ಜೀವ ಉಳಿಯಿತು. ಗಾಡಿ ಮಾತ್ರ ಮೂಲೆಯಲ್ಲಿ ಬಿದ್ದಿದ್ದ, ಮಾವನವರ ಅಜ್ಜನ ಕಾಲದ ಗಾಣದ ಕಲ್ಲಿನ ಅಂಚು ಹತ್ತಿ ಧೊಪ್ಪನೆ ಇಳಿಯಿತು. ಇಳಿಯುವಾಗ ಅಚ್ಚಿನ ಹಿಂದಿರುವ ಟೈ ರಾಡು ಕಲ್ಲಿನ ಮೇಲೆ ಕುಕ್ಕರಿಸಿ ಕೂತಿತು. ಮುಂದಿನ ಎರಡು ಚಕ್ರಗಳು ಒಟ್ಟಿಗೇ ತಿರುಗಲೆಂದು ಅವುಗಳನ್ನು ಕೈ ಕೈ ಹಿಡಿಸುವ ಕಬ್ಬಿಣದ ಸರಳು ಅದು, ಬಿಲ್ಲಿನಂತೆ ಬಾಗಿತ್ತು. ಒಂದು ಚಕ್ರ ಕೆಲಿಬಿಯಾ ಕಡೆ ನೋಡುತ್ತಿತ್ತು, ಇನ್ನೊಂದು ಅದರ ವಿರುದ್ಧ ದಿಕ್ಕಿನ ನಾಬುಲ್ ಕಡೆ. ನಾನು ಸೀಟಿನ ಮೇಲೆ ಕೂತೇ ಅತ್ತುಬಿಟ್ಟೆ. ತಾವು ತೊಟ್ಟಿಯಲ್ಲಿ ಮೂತಿ ಅದ್ದಿ ನೀರು ಕುಡಿಯುತ್ತಿದ್ದಿರಿ.

ಶಾದ್ಲಿ ಭಾವ ಬರಲು ತಡಮಾಡಲಿಲ್ಲ. ದುಃಖದ ಮುಖ ಮಾಡಿಕೊಳ್ಳಲು ಅವರು ಪಟ್ಟ ಕಷ್ಟ ನೋಡಿ ನನಗೇ ಪಾಪ ಅನ್ನಿಸಿತು. "ನಾ ಹೇಳ್ಲಿಲ್ವಾ ಅಮ್ಮಾ? ಹೆಂಗಸ್ರ ಕೈಗೆ ಸ್ಟೀರಿಂಗ್ ಕೊಟ್ರೆ ಹಿಂಗೇ ಆಗೋದು. ಈಗಲೇ ಯಾರಿಗಾದ್ರೂ ದಾಟಿಸಿದ್ರೆ ಕಬ್ಬಿಣದ ಬೆಲೆನಾದ್ರೂ ಹುಟ್ಟತ್ತೆ."

ಅತ್ತೆ ಬಗ್ಗಿ ರಾಡನ್ನು ನೋಡಿದರು, ತಮ್ಮನ್ನು ನೋಡಿದರು, ಖಾಲಿ ದಾರವನ್ನು ನೋಡಿದರು. ಮೆಣಸಿನಕಾಯಿ ಕಟ್ಟಿದ್ದು ತನ್ನ ಕೈಯೇ ಎಂಬುದು ಅವರಿಗೆ ಹೊಳೆದಿರಬೇಕು, ಏಕೆಂದರೆ ತೀರ್ಪು ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. "ಹಬ್ಬದ ಬೆಳಿಗ್ಗೆ ನಿಮ್ಮಪ್ಪನ ಗೋರಿ ಹತ್ರ ಹೋಗ್ಬೇಕು ನಾನು. ಜಾಜಿಯಾ ನನ್ನ ಟ್ರೇಲರಲ್ಲಿ ಕೂರಿಸ್ಕೊಂಡು, ಕೈಯಲ್ಲಿರೋ ಕಾಫಿ ಚೆಲ್ಲದ ಹಂಗೆ ಕರ್ಕೊಂಡ್ ಹೋದ್ರೆ ಕೀಲಿ ಅವಳದೇ, ಇನ್ಮೇಲೆ ಆ ಮಾತು ಎತ್ತಂಗಿಲ್ಲ. ಇಲ್ಲಾಂದ್ರೆ ಗಾಡಿ ಶಾದ್ಲಿ ತಗೊಂಡ್ ಹೋಗ್ಲಿ."

ಹೀಗೆ ತಾವು ಒಂದು ಮಾಲೆ ಮೆಣಸಿನಕಾಯಿ ತಿಂದ ಪುಣ್ಯದಿಂದ, ಹಬ್ಬದೊಳಗೆ ರಾಡು ನೆಟ್ಟಗಾಗದಿದ್ದರೆ ನಾನು ಮತ್ತೆ ಬೆನ್ನ ಮೇಲೆ ಹೊರೆ ಹೊರಬೇಕಾದ ಸ್ಥಿತಿ ಬಂದಿತು. ಇದಕ್ಕಾಗಿ ತಮಗೆ ಹೇಗೆ ಕೃತಜ್ಞತೆ ಸಲ್ಲಿಸಲಿ?

ಪಟ್ಟಣದ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದೆ. ಹೊಸ ರಾಡು ಹಡಗಿನಲ್ಲಿದೆಯಂತೆ. "ಹಬ್ಬ ಆದ್ಮೇಲೆ ಬನ್ನಿ ಮೇಡಂ," ಎಂದರು. ಯಾವ ಹಬ್ಬವೆಂದು ಕೇಳಿದ್ದಕ್ಕೆ, "ಅದನ್ನ ಈಗ್ಲೇ ಹೇಳಕ್ಕಾಗಲ್ಲ," ಎಂದರು. ಅದೇ ಸಂಜೆ ಯಜಮಾನರು ದೋಣಿಯಿಂದ ಫೋನ್ ಮಾಡಿ, ನನ್ನ ಕ್ಷೇಮಕ್ಕಿಂತ ಮೊದಲು ಟ್ರ್ಯಾಕ್ಟರಿನ ಕ್ಷೇಮ ವಿಚಾರಿಸಿದರು. ವಿಶ್ರಾಂತಿಯಲ್ಲಿದೆ ಎಂದೆ.

ಉಳಿದವರು ಕುಲುಮೆಯ ಮೇಸ್ತ್ರಿ, ಅಂದರೆ ಉಸ್ತಾ, ಹಮ್ಮಾದಿ. ಅವರು ಸುತ್ತಿಗೆಗಳನ್ನು ಮದುವೆಗೆ ಹೊರಟವರ ಹಾಗೆ ಹೆಗಲಿಗೇರಿಸಿಕೊಂಡು ಬಂದು, ಗಾಡಿಯ ಕೆಳಗೆ ನುಸುಳಿ, "ಕಬ್ಬಿಣ ಅನ್ನೋದು ನನ್ನ ಮಾತು ಕೇಳತ್ತೆ ಅಕ್ಕಾ. ನನ್ನ ಹೆಂಡ್ತಿ ಕೇಳಲ್ಲ, ಕಬ್ಬಿಣ ಕೇಳತ್ತೆ," ಎಂದು ಘೋಷಿಸಿದರು. ರಾಡಿನ ಎರಡೂ ತುದಿಗೆ, ಅದು ತಾನಾಗಿ ಸುತ್ತದಂತೆ ಹಿಡಿದಿಡುವ ಒಂದೊಂದು ಲಾಕ್ ನಟ್ಟು ಇದೆ. ಬಲಗಡೆಯದು ಸುಲಭವಾಗಿ ಬಿಚ್ಚಿತು. ಎಡಗಡೆಯದನ್ನು ಬಿಚ್ಚಲು ಅವರು ಸ್ಪ್ಯಾನರಿಗೆ ಜೋತುಬಿದ್ದು ತಿಣುಕಿದಷ್ಟೂ ಅದು ಬಿಗಿಯಾಗುತ್ತ ಹೋಯಿತು.

ಆ ಕಡೆ ತಿರುಗಿಸಿ ನೋಡಿ ಎಂದು ನಾನು ಮೆಲ್ಲಗೆ ಸೂಚಿಸಿದೆ. "ನಟ್ಟು ಯಾವ ಕಡೆ ಬಿಚ್ಚತ್ತೆ ಅಂತ ನಂಗೇ ಹೇಳಿಕೊಡ್ತೀಯಾ? ನಮ್ಮಪ್ಪ ಉಸ್ತಾ, ನಮ್ಮ ತಾತ ಉಸ್ತಾ!" ಎನ್ನುತ್ತ ಅವರು ಇನ್ನೊಮ್ಮೆ ಎಳೆದರು, ಸ್ಪ್ಯಾನರ್ ಜಾರಿ, ತಮ್ಮ ನೀರಿನ ತೊಟ್ಟಿಯೊಳಗೆ ಹೋಗಿ ಕೂತರು. ತಾವು ಆಗ ನಕ್ಕಿರಿ ಎಂದು ನಾನು ಇಂದಿಗೂ ಪ್ರಮಾಣ ಮಾಡಬಲ್ಲೆ. ಒದ್ದೆ ಪ್ಯಾಂಟಿನಲ್ಲಿ ಎದ್ದು ಬಂದವರು ಯಾರೂ ನೋಡದಂತೆ ಉಲ್ಟಾ ತಿರುಗಿಸಿದರು. ನಟ್ಟು ಬೆಣ್ಣೆಯ ಹಾಗೆ ಬಂದಿತು. ಆ ತುದಿಯ ತಿರುಪು ಎಡಗೈಯವರದು. ಎಡಕ್ಕೆ ತಿರುಗಿಸಿದರೆ ಬಿಗಿ, ಬಲಕ್ಕೆ ತಿರುಗಿಸಿದರೆ ಸಡಿಲ. ಇನ್ನೊಮ್ಮೆ ಯಾರೂ ಮೋಸಹೋಗದಿರಲೆಂದು, ಹಬ್ಬದ ಟಗರೆಂದು ತಮ್ಮ ಹಣೆಗಿಡಲು ಅತ್ತೆ ಕಲಸಿಟ್ಟಿದ್ದ ಗೋರಂಟಿಯಿಂದ ಒಂದು ಚಿಟಿಕೆ ತೆಗೆದು ಆ ನಟ್ಟಿಗೂ ಗುರುತಿನ ಬೊಟ್ಟಿಟ್ಟೆ. ಈ ಊರಿನಲ್ಲಿ ಈ ಹಬ್ಬಕ್ಕೆ ಗೋರಂಟಿ ಹಚ್ಚಿಸಿಕೊಂಡವರಲ್ಲಿ ತಾವೊಬ್ಬರು, ಅದೊಂದು.

ಉಸ್ತಾ ರಾಡನ್ನು ಕುಲುಮೆಯಲ್ಲಿ ಕೆಂಪಗೆ ಕಾಸಿ, ಅಡಿಗಲ್ಲಿನ ಮೇಲಿಟ್ಟು, ತೊಟ್ಟಿಯಲ್ಲಿ ಬಿದ್ದ ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸಿಕೊಂಡರು. ತಂದುಕೊಟ್ಟಾಗ ಅದು ಒಂದು ಕಡೆಯಿಂದ ನೋಡಿದರೆ ನೆಟ್ಟಗಿತ್ತು. ಇನ್ನೊಂದು ಕಡೆಯಿಂದ ನೋಡಿದರೆ ನಡುವೆ ಒಂಟೆಯ ಡುಬ್ಬ. ತೋರಿಸಿದ್ದಕ್ಕೆ ಅವರು ಬೇಸರ ಪಟ್ಟುಕೊಂಡು, "ಆ ಕಡೆಯಿಂದ ನೀನ್ಯಾಕೆ ನೋಡ್ತೀಯಾ ಅಕ್ಕಾ?" ಎಂದು ಕೇಳಿದರು.

ಅವರು ಹೋದ ಮೇಲೆ ರಾಡನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಹೆದರಿಕೆಯಾಗಿತ್ತು. ಅತ್ತೆ ಬಂದು, ಅದನ್ನು ಕೈಗೆತ್ತಿಕೊಂಡು, ಕೆಟ್ಟ ಸೌತೆಕಾಯಿಯನ್ನು ನೋಡುವ ಹಾಗೆ ನೋಡಿ, "ಆಲಿವ್ ಬೀಜನೇ ಪುಡಿ ಮಾಡೋ ಗಾಣ ಇದೆ ಊರಲ್ಲಿ, ಇದ್ಯಾವ ಲೆಕ್ಕ? ಏಳು, ನಡಿ," ಎಂದರು. ಗಾಣ ಈ ಕಾಲದಲ್ಲಿ ಕೆಲಸವಿಲ್ಲದೆ ಬೀಗ ಹಾಕಿಕೊಂಡಿರುತ್ತದೆ, ಬೀಗ ತೆಗೆಸಿದೆವು. ರಾಡಿನ ಎರಡು ತುದಿಗೆ ಮರದ ತುಂಡುಗಳನ್ನು ಕೊಟ್ಟು, ಡುಬ್ಬವನ್ನು ಮೇಲೆ ಮಾಡಿ, ಎಣ್ಣೆ ಹಿಂಡುವ ಪ್ರೆಸ್ಸನ್ನು ಮೆಲ್ಲಗೆ ಇಳಿಸಿದೆ. ಬಿಟ್ಟರೆ ಮತ್ತೆ ಸ್ವಲ್ಪ ಮೇಲೇಳುತ್ತಿತ್ತು. ಆದ್ದರಿಂದ ನೆಟ್ಟಗಾಗುವುದಕ್ಕಿಂತ ಒಂದು ಕೂದಲು ಹೆಚ್ಚೇ ಒತ್ತಬೇಕು, ಬಿಡಬೇಕು, ಅಮೃತಶಿಲೆಯ ಕಟ್ಟೆಯ ಮೇಲೆ ಉರುಳಿಸಿ ನೋಡಬೇಕು, ಎಲ್ಲಿ ಕುಣಿಯುತ್ತದೋ ಅಲ್ಲಿ ಮತ್ತೆ ಒತ್ತಬೇಕು. ಅತ್ತೆ ಪಕ್ಕದಲ್ಲಿ ಕೂತು ಸೆರಗಿನ ಗಂಟಿನಿಂದ ರೊಟ್ಟಿ ತೆಗೆದರು. ಗಾಣಕ್ಕೆ ಹೋಗುವಾಗ ಹೊಸ ಎಣ್ಣೆಯಲ್ಲಿ ಅದ್ದಲು ರೊಟ್ಟಿ ಒಯ್ಯುವುದು ಈ ಊರಿನ ಯಾವ ಹೆಂಗಸೂ ಮರೆಯದ ಅಭ್ಯಾಸ, ಆಲಿವ್ ಇಲ್ಲದ ಕಾಲದಲ್ಲೂ ಅವರ ಕೈ ಅದನ್ನು ಮರೆತಿರಲಿಲ್ಲ. ಎಣ್ಣೆಯಿಲ್ಲದ ಆ ಒಣ ರೊಟ್ಟಿಯನ್ನು ಇಬ್ಬರೂ ಮುರಿದು ತಿಂದೆವು. ರಾಡು ಕಟ್ಟೆಯ ಮೇಲೆ ಸದ್ದಿಲ್ಲದೆ ಉರುಳಿದಾಗ ಅತ್ತೆ ಅಲ್ಲೇ ನಾಲಿಗೆ ಆಡಿಸಿ, ಮದುವೆಮನೆಯಲ್ಲಿ ಹಾಕುವಂಥ ಉಲುಲು ಕೂಗು ಹಾಕಿದರು. ಯಾರ ಮನೆಯಲ್ಲಿ ನಿಶ್ಚಿತಾರ್ಥವೆಂದು ಕೇಳಲು ನಾಲ್ಕಾರು ಜನ ಓಡಿಬಂದರು.

ಮನೆಗೆ ತಂದು ಜೋಡಿಸಿದೆ. ಮುಂದಿನ ಎರಡು ಚಕ್ರಗಳ ನಡುವಿನ ಅಂತರ ಅಳೆಯಲು ತಮ್ಮದೇ ಕಡಿದ ಹಗ್ಗ ಉಪಯೋಗಕ್ಕೆ ಬಂದಿತು. ಮುಂಬದಿಯ ಅಂತರ ಹಿಂಬದಿಗಿಂತ ಒಂದು ಕಡಲೆಬೇಳೆಯಷ್ಟು ಕಡಿಮೆ ಇರಬೇಕು. ಚಕ್ರಗಳು ಮೂಗಿನ ತುದಿ ನೋಡಿಕೊಂಡ ಹಾಗೆ ಒಂಚೂರು ಒಳಗೆ ವಾಲಿದ್ದರೇ ಗಾಡಿ ದಾರಿ ಬಿಡದೆ ಹೋಗುವುದು. ಯಜಮಾನರು ಹೇಳಿಕೊಟ್ಟ ಪಾಠ ಅದು. ಎರಡೂ ನಟ್ಟು ಬಿಗಿದೆ, ಒಂದನ್ನು ಬಲಕ್ಕೆ, ಗೋರಂಟಿಯದನ್ನು ಎಡಕ್ಕೆ. ಏರಿನವರೆಗೆ ಹೋಗಿ ಬಂದೆ. ಸ್ಟೀರಿಂಗ್‌ನಿಂದ ಕೈ ತೆಗೆದರೂ ಗಾಡಿ ನೆಟ್ಟಗೆ ನಡೆಯಿತು, ಮತ್ತು ನಾನು ಹಾಡಿದೆ. ತಾವು ಮೇವು ಬಿಟ್ಟು ಎದ್ದು ಹೋದದ್ದು ನೆನಪಿದೆ.

ಇನ್ನು ತಮ್ಮ ಕಾಲಿನ ವಿಷಯ. ಚಕ್ರ ತಮ್ಮ ಉಣ್ಣೆಯನ್ನೂ ಮುಟ್ಟಿರಲಿಲ್ಲ. ಆದರೂ ಆ ದಿನದಿಂದ ತಾವು ಒಂದು ಮುಂಗಾಲನ್ನು ಎತ್ತಿಕೊಂಡು ಕುಂಟತೊಡಗಿದಿರಿ. ಕುರ್ಬಾನಿಯ ಪ್ರಾಣಿಗೆ ಊನ ಇರಬಾರದೆಂಬುದು ಎಲ್ಲರಿಗೂ ಗೊತ್ತಿರುವ ಮಾತು, ತಮಗೆ ಯಾರು ಹೇಳಿದರೋ ಕಾಣೆ. ಭಾವ ಇಮಾಮರನ್ನು ಕರೆತಂದರು. ಅವರು ನಿಂತು ನೋಡಿ, "ಮಂದೆ ಜೊತೆ ನಡೆಯಕ್ಕಾಗದಷ್ಟು ಕುಂಟಿದ್ರೆ ಆಗಲ್ಲ ಶಾದ್ಲಿ. ನೀನೇ ನೋಡ್ತಿದ್ದೀಯಲ್ಲ," ಎಂದರು. ಆ ಮಾತು ಕೇಳುತ್ತಲೇ ತಾವು ಇನ್ನೂ ಎರಡು ಹೆಜ್ಜೆ ಕುಂಟಿ, ನಿಟ್ಟುಸಿರು ಬಿಟ್ಟು, ಮಗ್ಗುಲಿಗೆ ಒರಗಿದಿರಿ. ಅಂಥ ಅಭಿನಯವನ್ನು ನಾನು ಟಿವಿಯಲ್ಲೂ ನೋಡಿಲ್ಲ.

"ಗಾಡಿನೂ ಕುಂಟು, ಟಗರೂ ಕುಂಟು, ಎರಡೂ ಒಂದೇ ಕೈಯಲ್ಲಿ ಆಗಿದ್ದು," ಎಂದು ಭಾವ ಊರೆಲ್ಲ ಹೇಳಿಕೊಂಡು ತಿರುಗಿದರು. ಹಬ್ಬದ ಹಿಂದಿನ ದಿನ ಮಧ್ಯಾಹ್ನ, ನಾನು ಭಟ್ಟಿಯ ಬಳಿ ಕೊನೆಯ ಸೊಪ್ಪು ಇಳಿಸುತ್ತಿದ್ದಾಗ, ತಮ್ಮನ್ನು ಸಂತೆಯಲ್ಲಿ ಕೊಟ್ಟು ಬೇರೆ ಟಗರು ತರುತ್ತೇನೆಂದು ಅವರು ಮೊಳೆಯಿಂದ ಕೀಲಿ ತೆಗೆದುಕೊಂಡರು. "ಕುಂಟು ಅಂತ ಹೇಳಿ ಕೊಡ್ತೀಯಾ ತಾನೇ?" ಎಂದು ಅತ್ತೆ ಕೇಳಿದ್ದಕ್ಕೆ, "ಕೇಳಿದ್ರೆ ಹೇಳ್ತೀನಿ," ಎಂದರಂತೆ. ಗಾಡಿ ಹತ್ತುವ ಮುನ್ನ ಚಕ್ರಗಳ ಕಡೆ ನೋಡಿದರು. ಒಳಗೆ ವಾಲಿದ್ದನ್ನು ಕಂಡು ಅವರಿಗೆ ಬಹಳ ಸಂತೋಷವಾಯಿತಂತೆ. "ನೋಡಮ್ಮಾ, ನಿನ್ನ ಸೊಸೆ ರಿಪೇರಿ! ಮಾಲುಗಣ್ಣು! ಇರು, ನಾನ್ ಸರಿ ಮಾಡ್ತೀನಿ," ಎಂದು ಎರಡೂ ನಟ್ಟನ್ನು ಆ ಕಡೆ ಈ ಕಡೆ ತಿರುಗಿಸಿ ಹೇಗೋ ಸಡಿಲಿಸಿ, ರಾಡು ತಿರುಗಿಸಿ, ಚಕ್ರಗಳನ್ನು ಸಿಪಾಯಿಗಳ ಹಾಗೆ ನೆಟ್ಟ ನೇರ ನಿಲ್ಲಿಸಿ, ನಟ್ಟುಗಳನ್ನು ತೋಳಿನ ಬಲವೆಲ್ಲ ಹಾಕಿ ಬಲಕ್ಕೆ ತಿರುಗಿಸಿದರು. ಎರಡನ್ನೂ ಬಲಕ್ಕೆ. ಗೋರಂಟಿಯ ಬೊಟ್ಟು ಕಂಡಿತ್ತಂತೆ, ಹೆಂಗಸರ ಅಲಂಕಾರವೆಂದುಕೊಂಡರಂತೆ.

ಇಳಿಜಾರಿನಲ್ಲಿ ಏನಾಯಿತೆಂದು ತಮಗೆ ನಾನು ವಿವರಿಸುವುದು ಉದ್ಧಟತನವಾದೀತು. ಟ್ರೇಲರಿನಲ್ಲಿ ಮುಖ್ಯ ಅತಿಥಿಗಳಾಗಿದ್ದವರು ತಾವು. ಸಡಿಲವಾದ ನಟ್ಟು ಕುಲುಕಾಟಕ್ಕೆ ಹಿಂದೆ ಸರಿಯಿತು, ರಾಡು ತನ್ನಷ್ಟಕ್ಕೆ ಸುತ್ತತೊಡಗಿತು, ಚಕ್ರಗಳು ಮತ್ತೆ ಕೆಲಿಬಿಯಾ ಮತ್ತು ನಾಬುಲ್ ಕಡೆ ಹೊರಟವು, ಮತ್ತು ಗಾಡಿ ಎರಡೂ ಊರು ಬೇಡವೆಂದು ನಿರ್ಧರಿಸಿ ನಿಧಾನವಾಗಿ, ಬಹಳ ಮರ್ಯಾದೆಯಿಂದ, ಪಾಪಾಸುಕಳ್ಳಿಯ ಬೇಲಿಯೊಳಗೆ ಹೋಗಿ ನಿಂತಿತು. ಭಾವ ನಿಲ್ಲಲಿಲ್ಲ. ಅವರು ಇನ್ನೂ ಸ್ವಲ್ಪ ಮುಂದೆ ಹೋದರು.

ಕೂಗು ಕೇಳಿ ನಾನು ಸೌಟು ಹಿಡಿದುಕೊಂಡೇ ಓಡಿದೆ. ತಾವು ಎದುರಿಗೆ ಬಂದಿರಿ. ಕುಂಟುತ್ತ ಅಲ್ಲ, ಮಾನ್ಯರೇ. ನಾಲ್ಕು ಕಾಲನ್ನೂ ಚಾಚಿ, ಕಲ್ಲುಗಳ ಮೇಲೆ ಹಾರಿ, ಧೂಳೆಬ್ಬಿಸಿಕೊಂಡು, ಮನೆಯ ದಾರಿ ಹಿಡಿದು, ನಾನು ಕಂಡ ಯಾವ ಟಗರೂ ಓಡದಷ್ಟು ಚೆಂದವಾಗಿ ಓಡಿ ಬಂದಿರಿ. ನನ್ನನ್ನು ಕಂಡು ಗಕ್ಕನೆ ನಿಂತಿರಿ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬೇರೆ ಯಾರೂ ಇರಲಿಲ್ಲ. ಊರಿಗೆ ಊರೇ ಬೇಲಿಯ ಬಳಿ, ಭಾವನನ್ನು ಎಲ್ಲಿ ಹಿಡಿದು ಎಳೆಯಬೇಕೆಂದು ತಿಳಿಯದೆ ಸುತ್ತಲೂ ನಿಂತಿತ್ತು. ನಾನು ಊರವರನ್ನು ಕೂಗಿ ಕರೆದು ತಮ್ಮ ಊನವಿಲ್ಲದ ಕಾಲನ್ನು ತೋರಿಸಬಹುದಾಗಿತ್ತು. ರಾಡಿನ ಸಿಟ್ಟು ನನ್ನಲ್ಲಿ ಇನ್ನೂ ಇತ್ತು. ಆದರೆ ನಾನು ದಾರಿ ಬಿಟ್ಟು ನಿಂತೆ.

ಆ ರಾತ್ರಿಯೊಳಗೆ ರಾಡನ್ನು ಸರಿಪಡಿಸಿದೆ; ಕಳ್ಳಿ ಮೆತ್ತಗಿದ್ದುದರಿಂದ ಅದು ಬಾಗಿರಲಿಲ್ಲ. ಹಬ್ಬದ ಬೆಳಿಗ್ಗೆ ಅತ್ತೆ ಹೊಸ ಬಟ್ಟೆ ತೊಟ್ಟು, ಟ್ರೇಲರಿನಲ್ಲಿ ಹಾಕಿದ ಕುರ್ಚಿಯ ಮೇಲೆ ರಾಣಿಯಂತೆ ಕೂತು, ಜಿರೇನಿಯಂ ನೀರಿನ ಕಾಫಿಯ ಲೋಟ ಕೈಯಲ್ಲಿ ಹಿಡಿದರು. ಅಂಗಳದಿಂದ ಗೋರಿಗಳವರೆಗೆ ಗಾಡಿ ಒಂದು ಗೆರೆ ಎಳೆದ ಹಾಗೆ ನಡೆಯಿತು. ಊರವರ ಎದುರಿಗೆ ಅತ್ತೆ ಲೋಟ ಬೋರಲು ಹಾಕಿ ತೋರಿಸಿದರು. ಹೊಸ ಬಟ್ಟೆಯ ಮೇಲೆ ಒಂದು ಹನಿಯೂ ಚೆಲ್ಲಿರಲಿಲ್ಲ. ಅಂಗಳ ದಾಟುವ ಮುನ್ನವೇ ಅವರು ಅದನ್ನು ಕುಡಿದು ಮುಗಿಸಿದ್ದನ್ನು ನಾನು ಕನ್ನಡಿಯಲ್ಲಿ ನೋಡಿದ್ದೆ. ಕೀಲಿಯನ್ನು ನನ್ನ ಕೈಗೆ ಹಾಕುವಾಗ, "ಕಾಫಿ ಆರಿ ಹೋಗತ್ತೆ ಅಂತ ಕುಡಿದ್ಬಿಟ್ಟೆ ಕಣೇ, ಚೆಲ್ಲೋ ಹಂಗಿದ್ರೆ ಕುಡಿಯಕ್ಕಾಗ್ತಿತ್ತಾ?" ಎಂದು ಕಿವಿಯಲ್ಲಿ ಅಂದರು. ನಾನು ಅವರ ಕೈಗೆ ಮುತ್ತಿಟ್ಟೆ, ಕಣ್ಣೀರು ತಡೆಯಲಾಗಲಿಲ್ಲ.

ನಮ್ಮ ಮನೆಯಲ್ಲಿ ಈ ಬಾರಿ ಕುರ್ಬಾನಿ ಆಗಲಿಲ್ಲವೆಂದು ತಿಳಿದು ನೆರೆಯವರೆಲ್ಲ ಪಾಲು ಕಳಿಸಿದರು. ತಮ್ಮ ಬಂಧು ಬಾಂಧವರು ಅಷ್ಟೊಂದು ಜನ ಒಟ್ಟಿಗೆ ನಮ್ಮ ಅಡುಗೆಮನೆಗೆ ಬಂದದ್ದು ಇದೇ ಮೊದಲು. ಭಾವ ಹಬ್ಬದೂಟಕ್ಕೆ ಕೂರಲಾಗದೆ ನಿಂತೇ ಉಂಡರು. ಅವರ ಹಿಂಭಾಗದ ಮುಳ್ಳುಗಳನ್ನು ಅತ್ತೆ ಹುಬ್ಬು ಕೀಳುವ ಚಿಮ್ಮಟದಿಂದ ಒಂದೊಂದಾಗಿ ಕೀಳುತ್ತ, ಪ್ರತಿ ಮುಳ್ಳಿಗೂ, "ನಟ್ಟು ಯಾವ ಕಡೆ?" ಎಂದು ಕೇಳುತ್ತಿದ್ದರು, ಪ್ರತಿ ಮುಳ್ಳಿಗೂ ಅವರು, "ಎಡಕ್ಕಮ್ಮಾ, ಎಡಕ್ಕೆ!" ಎಂದು ಕೂಗುತ್ತಿದ್ದರು. ಪಿಕಪ್ ಗಾಡಿಯ ಮಾತು ಈಗ ಕೇಳಿಬರುತ್ತಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪ. ಇನ್ನು ಮುಂದೆ ತಾವು ಅಂಗಳ ದಾಟುವ ಮುನ್ನ ಯಾವ ಕಡೆ ತಿರುಗುವಿರೆಂದು ಆಯಾ ಬದಿಯ ಕೊಂಬನ್ನು ಆಡಿಸಿ ಸೂಚಿಸಬೇಕು. ದೃಷ್ಟಿಗೆ ಕಟ್ಟಿದ ಮೆಣಸಿನಕಾಯಿಯನ್ನು ತಿನ್ನಲೇಬೇಕೆನಿಸಿದರೆ ಗಾಡಿ ಹೊರಟುಹೋದ ಮೇಲೆ ತಿನ್ನಬೇಕು. ಜಿರೇನಿಯಂ ಬಿಟ್ಟು ಅದರ ನಡುವಿನ ಕಳೆಯನ್ನು ಮಾತ್ರ ಮೇಯಬೇಕು. ಕಳೆ ಯಾವುದೆಂದು ತಿಳಿಯದಿದ್ದರೆ ನನ್ನನ್ನು ಕೇಳಬೇಕು. ನಾನು ಹಾಡುವಾಗ ಎದ್ದು ಹೋಗಬಾರದು. ಕೊನೆಯದಾಗಿ, ಉಸ್ತಾ ಹಮ್ಮಾದಿಯವರು ತೊಟ್ಟಿಯ ಬಳಿ ಬಂದಾಗಲೆಲ್ಲ ಅವರನ್ನು ನೋಡಿ ನಗುವುದನ್ನು ದಯವಿಟ್ಟು ನಿಲ್ಲಿಸಬೇಕು, ಅವರು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ.

ಇಷ್ಟೆಲ್ಲ ಆದ ಮೇಲೂ, ಯಾಕೋ ತಿಳಿಯದು,
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಜಾಜಿಯಾ
(ಕೀಲಿ ಈಗ ನನ್ನ ಸೊಂಟದಲ್ಲಿದೆ)

ತಾ.ಕ.: ಮುಂದಿನ ವರ್ಷ ಹಬ್ಬ ಇನ್ನೂ ಬೇಗ ಬರುತ್ತದೆ, ಆದ್ದರಿಂದ ಅಭ್ಯಾಸವನ್ನು ಈಗಿನಿಂದಲೇ ಶುರು ಮಾಡುವುದು ಒಳ್ಳೆಯದು. ಇಮಾಮರು ಬಂದ ದಿನ ತಾವು ಕುಂಟಿದ್ದು ಎಡಗಾಲು. ಬೇಲಿಯಿಂದ ಜನರು ಮರಳಿದ ಮೇಲೆ ಅಂಜೂರದ ಮರದಡಿ ಕುಂಟುತ್ತಿದ್ದುದು ಬಲಗಾಲು. ಎಲ್ಲರೂ ಭಾವನ ಮುಳ್ಳು ಎಣಿಸುತ್ತಿದ್ದರು, ನೋಡಿದವಳು ನಾನೊಬ್ಬಳೇ. ಎಡ ಬಲ ತಿಳಿಯದೆ ಭಾವನಿಗೆ ಏನಾಯಿತೆಂದು ಕಂಡಿದ್ದೀರಿ, ಎಚ್ಚರವಿರಲಿ. ಓದಿದ ಮೇಲೆ ಈ ಪತ್ರವನ್ನು ತಿಂದುಬಿಡಿ; ಆ ಒಂದು ಕೆಲಸದ ಮಟ್ಟಿಗೆ ತಮ್ಮ ಮೇಲೆ ನನಗೆ ಪೂರ್ಣ ನಂಬಿಕೆಯಿದೆ.